ದನದ ಪಾಲಿನ ಹಲಸಿನ ಸಿಪ್ಪೆ

ನಮ್ಮ ಹಿತ್ತಲ ಹಲಸಿನ ಹಣ್ಣು ನಮ್ಮದು, ಅದರ ಸಿಪ್ಪೆ ಮಾತ್ರ ಆಚೆಮನೆ ದನದ್ದು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಧಾರೇಶ್ವರದ ಹತ್ತಿರದ ನಮ್ಮ ಕೇರಿಯಲ್ಲಿ ದನ ಇಲ್ಲದ ಮನೆಯವರು ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಬಾಳೆಸಿಪ್ಪೆ, ಮಾವಿನ ಸಿಪ್ಪೆ, ತರಕಾರಿ ಹೆಚ್ಚಿ ಉಳಿದದ್ದು ಎಲ್ಲವನ್ನೂ ಹಿತ್ತಲ ಬಾಗಿಲ ಬಳಿ ಒಂದು ಬಕೇಟಿಗೆ ಹಾಕಿಡುತ್ತಿದ್ದರು. ಅದಕ್ಕೆ ಅಕ್ಕಚ್ಚು ಎಂದು ಹೆಸರು. ನಮ್ಮದು ಮೀನುಗಾರರ ಮನೆ, ಆದರೆ ಮೀನು ತೊಳೆದ ನೀರಿನ ಒಂದು ಹನಿ ಆ ಬಕೇಟಿಗೆ ಸಿಡಿದರೂ ಆಯಿ, ಅಂದರೆ ನನ್ನ ಅಮ್ಮ, ನನ್ನ ಬೆನ್ನಿಗೆ ಒಂದು ಬಿಡುತ್ತಿದ್ದಳು. ಸಂಜೆ ದನದ ಮನೆಯವರು ಬಂದು ಒಯ್ಯುವರು. ಬೆಳಿಗ್ಗೆ ತೊಳೆದ ಬಕೇಟು ತಿರುಗಿ ಬರುವಾಗ ಅದರೊಳಗೆ ಒಂದು ಚೊಂಬು ಮಜ್ಜಿಗೆ ಇರುತ್ತಿತ್ತು. ಇಷ್ಟು ಕೊಟ್ಟರೆ ಇಷ್ಟು ಎಂಬ ಲೆಕ್ಕ ಅಲ್ಲಿರಲಿಲ್ಲ. ಎರಡು ಮನೆಯವರು ಒಬ್ಬರಿಗೊಬ್ಬರು ಬೇಕು ಎನ್ನುವುದಕ್ಕೆ ಆ ಬಕೇಟು ದಿನಾ ಹೋಗಿ ಬರಬೇಕಿತ್ತು, ಅಷ್ಟೇ.

ಆಚೆಮನೆಯವಳನ್ನು ಆಯಿ ಅಕ್ಕ ಎನ್ನುತ್ತಿದ್ದಳು, ನಾನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಗಂಡ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಒಂದು ತುಂಡು ತೆಂಗಿನ ಹಿತ್ತಲು ಮತ್ತು ಒಂದು ಕಂದು ಬಣ್ಣದ ದನ. ಆಯಿಯ ತವರು ಭಟ್ಕಳದ ಆಚೆ. ಹಾಗಾಗಿ ನಾನು ಹುಟ್ಟಿದಾಗ ಬಿಸಿನೀರು ಕಾಸಿದವಳು, ನನಗೆ ದಡಾರ ಬಂದಾಗ ಬೇವಿನ ಸೊಪ್ಪು ಹಿಡಿದು ಕೂತವಳು ದೊಡ್ಡಮ್ಮನೇ. ಒಮ್ಮೆ ಗಾಳಿಗೆ ಸಿಕ್ಕಿ ಅಪ್ಪನ ಬೋಟು ಹೊತ್ತಿಗೆ ಬಾರದೆ ಇದ್ದಾಗ ಆಯಿಯ ಜೊತೆ ಮರಳಿನ ಮೇಲೆ ಕೂತು, ಬೋಟು ಕಣ್ಣಿಗೆ ಬೀಳುವವರೆಗೂ ಅವಳ ಕೈ ಬಿಡದೆ ಇದ್ದವಳೂ ಅವಳೇ. ಮಾತು ಒರಟು. ಹೊಗಳುವುದು ಗೊತ್ತೇ ಇಲ್ಲ. ಆಯಿಗೆ ಮಾತ್ರ ಅವಳಿಲ್ಲದೆ ಬೆಳಗಾಗುತ್ತಿರಲಿಲ್ಲ.

ನಾನು ಕುಮಟಾದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕಾಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಹೊನ್ನಾವರ ಬಂದರಿನ ಒಂದು ಬೋಟಿಗೆ ತಾಂಡೇಲ. ಅಂದರೆ ಬೋಟು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಮಳೆಗಾಲಕ್ಕೆ ಬೋಟುಗಳನ್ನು ದಡಕ್ಕೆ ಎಳೆದ ಮೇಲೆ ಮನೆಗೆ ಬಂದ ಅಪ್ಪನನ್ನು ನೋಡಿ ನನಗೆ ಗಾಬರಿಯಾಯಿತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಕೊಡಪಾನದ ಹತ್ತಿರವೇ ಕೂತು ನೀರು ಕುಡಿಯುತ್ತಿದ್ದ. ಕುಮಟಾದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಅನ್ನ ಕಡಿಮೆ ಮಾಡಿ, ಬೆಲ್ಲ ಬಿಡಿ, ಈ ಗುಳಿಗೆ ತಪ್ಪಿಸಬೇಡಿ ಎಂದರು.

ಬಸ್ಸು ಇಳಿದು ಮನೆಗೆ ನಡೆಯುವಾಗಲೇ ಅಪ್ಪ ಆಯಿಗೂ ನನಗೂ ತಾಕೀತು ಮಾಡಿದ: "ಇದು ನಮ್ಮ ಮನೆ ಹೊಸ್ತಿಲು ದಾಟೂದಲ್ಲ. ಬೋಟಿನ ಧಣಿಯ ಕಿವಿಗೆ ಬಿದ್ರೆ ಹುಣ್ಣಿಮೆಗೆ ಬೇರೆ ತಾಂಡೇಲನ ಹುಡುಕ್ತ."

"ಅಕ್ಕನ ಹತ್ರನೂ ಹೇಳ್ಬಾರ್ದಾ?" ಎಂದಳು ಆಯಿ.

"ಯಾರ ಹತ್ರನೂ ಇಲ್ಲ ಅಂದ್ನಲ್ಲ!"

ಅವನ ಭಯ ಸುಳ್ಳಲ್ಲ. ಕಡಲಿನ ಮಧ್ಯೆ ತಲೆ ತಿರುಗಿ ಬೀಳುವ ತಾಂಡೇಲನನ್ನು ನಂಬಿ ಯಾರು ಬೋಟು ಹತ್ತುತ್ತಾರೆ? ಶ್ರಾವಣದ ಹುಣ್ಣಿಮೆಗೆ ಕಡಲಿಗೆ ಕಾಯಿ ಒಪ್ಪಿಸಿ ಹೊಸ ಮೀನುಗಾರಿಕೆ ಶುರು ಮಾಡುವ ಮೊದಲು ಧಣಿ ಆಳುಗಳನ್ನು ಗೊತ್ತು ಮಾಡುವುದು ವಾಡಿಕೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಆಯಿಗೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ಹದಿನೇಳು ವರ್ಷದ ನನಗೇ ಅವಳನ್ನು ಕಂಡು ಪಾಪ ಅನಿಸುತ್ತಿತ್ತು.

ನಾಲ್ಕನೆಯವನಾಗಿ ಗುಟ್ಟು ತಿಳಿದದ್ದು ಚಿಕ್ಕಪ್ಪನಿಗೆ, ಅಪ್ಪನೇ ತಿಳಿಸಿದ್ದ. ಭಟ್ಕಳದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಮದುವೆಯಾಗಿರಲಿಲ್ಲ, ಆದ್ದರಿಂದ ಅವನ ಪ್ರಯೋಗಗಳೆಲ್ಲ ನಮ್ಮ ಮನೆಯ ಮೇಲೆ. ಹೊಗೆ ಬಾರದ ಒಲೆ ಎಂದು ಹಿಂದಿನ ವರ್ಷ ಒಂದನ್ನು ಕಟ್ಟಿದ್ದ. ಅದರ ಹೊಗೆಗೆ ಆಯಿಯ ಕಣ್ಣು ವಾರವಿಡೀ ಉರಿದಿತ್ತು. ಈ ಸಲ ಶನಿವಾರದ ಬಸ್ಸಿಳಿದು ಒದ್ದೆ ಕೊಡೆ ಮಡಚುವ ಮೊದಲೇ, "ಅಣ್ಣಾ, ಪೆಕ್ಟಿನ್!" ಎಂದ.

ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದನಂತೆ. ಹಣ್ಣಿನ ಸಿಪ್ಪೆಯಲ್ಲಿ ಅಂಟಿನಂಥ ಒಂದು ನಾರಿನಂಶ ಇರುತ್ತದೆ. ಅದನ್ನು ಬೇಯಿಸಿ ತೆಗೆದು ಊಟದ ಜೊತೆ ತಿಂದರೆ ಹೊಟ್ಟೆಯಲ್ಲಿ ಲೋಳೆಯಾಗಿ, ಅನ್ನದ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. "ಪೇಟೆಯಲ್ಲಿ ಜಾಮು ಗಟ್ಟಿ ಮಾಡೂದು ಇದರಿಂದಲೇ. ನಮ್ಮ ಹಲಸಿನ ಸಿಪ್ಪೆಯಲ್ಲಿ ಬೇಕಾದಷ್ಟು ಇದೆ ಅತ್ತಿಗೆ, ನಾವು ದನಕ್ಕೆ ಹಾಕಿ ಹಾಳು ಮಾಡ್ತೇವೆ!"

ದನಕ್ಕೆ ಹಾಕುವುದು ಹಾಳು ಮಾಡಿದಂತೆ ಎಂದು ಹೇಳಲು ಭಟ್ಕಳದಿಂದ ಬಸ್ಸು ಹತ್ತಿ ಬರಬೇಕಾಯಿತೇ ಎಂದು ನನಗೆ ಸಿಟ್ಟು ಬಂತು. ಆಯಿ ಅಪ್ಪನ ಕುತ್ತಿಗೆಯ ಎಲುಬನ್ನು ಒಮ್ಮೆ ನೋಡಿದಳು, ಕತ್ತಿ ತಂದಳು.

ಹಲಸು ಕೊಯ್ಯುವುದೇ ಒಂದು ಯುದ್ಧ. ಕೈಗೆ ತೆಂಗಿನೆಣ್ಣೆ, ಕತ್ತಿಗೆ ತೆಂಗಿನೆಣ್ಣೆ, ಆದರೂ ಮೇಣ ಉಗುರಿನೊಳಗೆ ಹೊಕ್ಕು ಕೂರುತ್ತದೆ. ಸೊಳೆ ಬಿಡಿಸಿದ ಮೇಲೆ ಉಳಿಯುವ ಸಿಪ್ಪೆಯ ಹೊರಮುಳ್ಳನ್ನು ನಾನು ಹೆರೆದು ತೆಗೆಯುತ್ತಿದ್ದೆ. ಒಳಗಿನ ಬಿಳಿಯ ಭಾಗ ಮತ್ತು ಸೊಳೆಗಳ ನಡುವಿನ ನಾರನ್ನು ಆಯಿ ಸಣ್ಣಗೆ ಕೊಚ್ಚುತ್ತಿದ್ದಳು. ಅದನ್ನು ತೊಳೆದು, ನೀರು ಹಾಕಿ, ನಾಲ್ಕಾರು ಲಿಂಬೆಹಣ್ಣು ಹಿಂಡಿ ದೊಡ್ಡ ತಪ್ಪಲೆಯಲ್ಲಿ ಸಣ್ಣ ಉರಿಯ ಮೇಲೆ ಇಡಬೇಕು. ಕುದಿ ಜೋರಾದರೆ ಚಿಕ್ಕಪ್ಪ ಕೂಗುತ್ತಿದ್ದ. ಬೆಂದ ಮೇಲೆ ಅಪ್ಪನ ಹಳೆಯ ಪಂಚೆಯಲ್ಲಿ ಕಟ್ಟಿ ಅಡುಗೆಮನೆಯ ತೊಲೆಗೆ ತೂಗುಹಾಕುವುದು. ಹಿಂಡಿದರೆ ರಸ ಕದಡುತ್ತದೆ, ಹನಿ ಹನಿಯಾಗಿ ತಾನೇ ಇಳಿಯಬೇಕು. ಇಳಿದ ರಸವನ್ನು ಮತ್ತೆ ಕಾಸಿ ದಪ್ಪ ಮಾಡುವುದು. ಆಯಿಗೆ ಈ ಕೆಲಸ ಬಹಳ ಬೇಗ ಕೈಗೆ ಹತ್ತಿತು. ಹಲಸಿನ ಹಪ್ಪಳ ಮಾಡಿದ ಕೈ, ಹದ ತಿಳಿಯದೆ ಇರುತ್ತದೆಯೇ?

ರಸ ಸರಿಯಾಗಿದೆಯೇ ಎಂದು ನೋಡಲು ಚಿಕ್ಕಪ್ಪ ಒಂದು ಸಣ್ಣ ಸೀಸೆಯಲ್ಲಿ ಸ್ಪಿರಿಟ್ ತಂದಿದ್ದ. ಲೋಟದಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ, ಒಂದು ಚಮಚ ರಸ ಬಿಟ್ಟ. ಕ್ಷಣದಲ್ಲಿ ಅದು ಲೋಳೆ ಮುದ್ದೆಯಾಗಿ ಲೋಟದಲ್ಲಿ ತೇಲಾಡಿತು. ಚಿಕ್ಕಪ್ಪ ಕುಣಿದುಬಿಟ್ಟ. ಅಪ್ಪ ಬಗ್ಗಿ ನೋಡಿ ಮುಖ ಸಿಂಡರಿಸಿದ.

"ಇಂಥದ್ದು ಬಲೆಗೆ ಸಿಕ್ರೆ ನಾವು ತಿರುಗಿ ಕಡಲಿಗೆ ಒಗೀತೇವೆ ಮಾರಾಯ. ನೀ ಕುಡಿ ಅಂತಿಯಲ್ಲ!"

"ಇದು ಪರೀಕ್ಷೆಗೆ. ಕುಡಿಯೂದು ಬೇರೆ ಇದೆ ಅಣ್ಣ."

"ಅದೂ ಹಿಂಗೇ ಇರ್ತದನಾ?"

ಅದೂ ಹಾಗೇ ಇತ್ತು. ಮಳೆಗಾಲದಲ್ಲಿ ರಸ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತಿತ್ತಾದ್ದರಿಂದ ಆಯಿ ಅದನ್ನು ಬಟ್ಟಲುಗಳಲ್ಲಿ ತೆಳ್ಳಗೆ ಹರಡಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ, ಹೊಪ್ಪಳೆಯಾಗಿ ಎದ್ದದ್ದನ್ನು ಪುಡಿ ಮಾಡಿದಳು. ಅಟ್ಟದ ಮೇಲೆ ಬೇಸಿಗೆಯ ಒಣಮೀನೂ ಇತ್ತು. ಹೀಗಾಗಿ ನಮ್ಮ ಪೆಕ್ಟಿನ್ನಿಗೆ ಒಣಬಂಗಡೆಯ ವಾಸನೆ. ಚಿಕ್ಕಪ್ಪ ಬೇಜಾರು ಮಾಡಿಕೊಂಡ. ಅಪ್ಪ ಮಾತ್ರ ಈಗ ಪರವಾಗಿಲ್ಲ ಎಂದು, ಪುಡಿಯನ್ನು ನೀರಿನಲ್ಲಿ ಕದಡಿ, ಮೂಗು ಮುಚ್ಚದೆ ಕುಡಿದು ಗಂಜಿಗೆ ಕೂತ.

ಬೆಂದ ಸಿಪ್ಪೆಯನ್ನು ಏನು ಮಾಡುವುದು? ಎಲ್ಲ ಕೆಟ್ಟದ್ದು ಇಲ್ಲಿಯೇ. ಅಕ್ಕಚ್ಚಿಗೆ ಹಾಕಿದರೆ ದೊಡ್ಡಮ್ಮ ನೋಡುತ್ತಾಳೆ, ಇದನ್ನೇಕೆ ಬೇಯಿಸಿದಿರಿ ಎಂದು ಕೇಳುತ್ತಾಳೆ. ಆಯಿಯ ಬಾಯಿಂದ ನಿಜ ಜಾರುವುದಕ್ಕೆ ಅಷ್ಟು ಸಾಕು. ಆದ್ದರಿಂದ ಅಪ್ಪ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಅದನ್ನು ಹೂತ. ಆ ವರ್ಷ ಬಕೇಟಿನಲ್ಲಿ ಬರೀ ಅಕ್ಕಿ ತೊಳೆದ ನೀರು.

ದೊಡ್ಡಮ್ಮನ ದನ ಗಬ್ಬವಾಗಿತ್ತು, ತಿಂಗಳು ತುಂಬುತ್ತಾ ಬಂದಿತ್ತು. ಹಲಸಿನ ಸಿಪ್ಪೆ ಅಂದರೆ ಅದಕ್ಕೆ ಪ್ರಾಣ. ನಮ್ಮ ಅಂಗಳದಲ್ಲಿ ಹಣ್ಣು ಕೊಯ್ದ ವಾಸನೆ ಬಂದರೆ ಬೇಲಿಯ ಮೇಲೆ ಕುತ್ತಿಗೆ ಚಾಚಿ ಕೂಗುತ್ತಿತ್ತು. ನಾವು ಒಳಗೆ ಕೂತು ಕೊಯ್ದರೂ ಕೂಗಿತು. ಹಲಸಿನ ವಾಸನೆಯನ್ನು ಯಾವ ಬಾಗಿಲು ಹಾಕಿ ತಡೆಯುವುದು?

ಒಂದು ಸಂಜೆ ಬಕೇಟು ಎತ್ತಿಕೊಳ್ಳುವಾಗ ದೊಡ್ಡಮ್ಮ ಕೇಳಿದಳು: "ಎಂತ ತಂಗಿ, ಈ ವರ್ಷ ಹಲಸು ಕೊಯ್ಲೇ ಇಲ್ವನೇ?"

ಆಯಿ ನೆಲ ನೋಡುತ್ತ, "ಮರ ಬಿಟ್ಟಿದ್ದೇ ಕಮ್ಮಿ ಅಕ್ಕ" ಎಂದಳು.

ಮರ ಬೇಲಿಯ ಪಕ್ಕದಲ್ಲೇ ಇತ್ತು. ಬುಡದಿಂದ ಕೊಂಬೆಯವರೆಗೆ ಹಣ್ಣು ಜೋತಾಡುತ್ತಿತ್ತು. ಆಯಿಯ ಸೆರಗಿನಿಂದ ಹಿಡಿದು ನನ್ನ ಪುಸ್ತಕದ ಚೀಲದವರೆಗೆ ನಮ್ಮ ಮನೆಯೆಲ್ಲ ಹಲಸು ನಾರುತ್ತಿತ್ತು. ದೊಡ್ಡಮ್ಮ ಮರವನ್ನೊಮ್ಮೆ ನೋಡಿದಳು, ಆಯಿಯನ್ನೊಮ್ಮೆ ನೋಡಿದಳು. "ಆತು" ಎಂದು ಹೇಳಿ ಹೋದಳು. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಆಯಿ ಅಡುಗೆಮನೆಗೆ ಬಂದವಳೇ ಅಪ್ಪನ ಮೇಲೆ ಹಾರಿಬಿದ್ದಳು. "ನಿಮ್ಮ ಗುಟ್ಟು ನನ್ನ ಕುತ್ತಿಗೆಗೆ ಬಂತು! ಅವಳ ಮುಖ ನೋಡೂಕಾಗ್ಲಿಲ್ಲ ನಂಗೆ." ಅಪ್ಪನೂ ಕೂಗಿದ. ಹುಣ್ಣಿಮೆ ಕಳೆಯಲಿ, ಆಮೇಲೆ ಊರಿಗೆಲ್ಲ ಡಂಗುರ ಹೊಡಿ ಎಂದ.

ಆದರೆ ಹುಣ್ಣಿಮೆಯವರೆಗೆ ಕಾಯಲು ದನಕ್ಕೆ ವ್ಯವಧಾನ ಇರಲಿಲ್ಲ. ಮಳೆ ಹೊಳವಾದ ಒಂದು ಬೆಳಿಗ್ಗೆ ಅದು ಬೇಲಿ ಮುರಿದು ನಮ್ಮ ಹಿತ್ತಲಿಗೆ ನುಗ್ಗಿ, ತೆಂಗಿನ ಬುಡದ ಮೆದು ಮಣ್ಣನ್ನು ಕಾಲಿನಿಂದಲೂ ಮೂತಿಯಿಂದಲೂ ಕೆದರಿ, ಹೂತಿಟ್ಟ ಸಿಪ್ಪೆಯನ್ನು ಮಣ್ಣು ಸಮೇತ ತಿನ್ನುತ್ತಿತ್ತು. ಹಿಂದೆಯೇ ಹಗ್ಗ ಹಿಡಿದು ಓಡಿಬಂದ ದೊಡ್ಡಮ್ಮ ಗುಂಡಿಯ ಬಳಿ ನಿಂತುಬಿಟ್ಟಳು. ಆಯಿ ಮತ್ತು ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು. ಗುಂಡಿಯ ತುಂಬ ಹಲಸಿನ ಸಿಪ್ಪೆ. ಒಂದು ದಿನದ್ದಲ್ಲ, ಒಂದು ಹಣ್ಣಿನದ್ದಲ್ಲ.

ದೊಡ್ಡಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯುವುದರಲ್ಲಿ ಅವಳನ್ನು ಮೀರಿಸುವವರು ಕೇರಿಯಲ್ಲಿ ಇರಲಿಲ್ಲ. ಅವಳು ದನದ ಮೂತಿಯ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಮಣ್ಣಿಗೆ ಹಾಕೂಕೆ ಮನಸ್ಸು ಬಂತು, ನನ್ನ ದನಕ್ಕೆ ಹಾಕೂಕೆ ಬರ್ಲಿಲ್ಲ" ಎಂದು ಮೆಲ್ಲಗೆ ದನಕ್ಕೇ ಹೇಳಿದಂತೆ ಹೇಳಿ, ಅದನ್ನು ಎಳೆದುಕೊಂಡು ಹೋದಳು. ಆಯಿ "ಅಕ್ಕಾ" ಎಂದಳು.

ಆ ಸಂಜೆ ಬಕೇಟು ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಕ್ಕಿ ತೊಳೆದ ನೀರು ಹುಳಿಯಾಗಿ ನೊಣ ಬಂತು. ಆಯಿ ಅದನ್ನು ಚೆಲ್ಲಿ, ಬಕೇಟು ತೊಳೆದು, ಮತ್ತೆ ಹಿತ್ತಲ ಬಾಗಿಲ ಬಳಿಯೇ ಇಟ್ಟಳು. ನಮ್ಮಲ್ಲಿ ಅಕ್ಕಚ್ಚು ನಿಂತಿತೆಂದರೆ ಎರಡು ಮನೆಯ ನಡುವೆ ಎಲ್ಲವೂ ನಿಂತಿತು ಎಂದರ್ಥ. ಬಾವಿಕಟ್ಟೆಯಲ್ಲಿ ಹೆಂಗಸರು, "ಎಂತ ಆತು ನಿಮ್ಮಿಬ್ಬರಿಗೆ?" ಎಂದು ಕೇಳಲು ಶುರು ಮಾಡಿದರು. ಆಯಿ ಬಾವಿಗೆ ಹೋಗುವ ಹೊತ್ತನ್ನೇ ಬದಲಿಸಿದಳು.

ಮನೆಯೊಳಗೆ ಮಾತ್ರ ಚಿಕ್ಕಪ್ಪನ ವಿಜಯೋತ್ಸವ. ಅವನು ಶಾಲೆಯಿಂದ ನೀಲಿ ದ್ರಾವಣ ತಂದಿದ್ದ. ಅದಕ್ಕೆ ಅಪ್ಪನ ಮೂತ್ರದ ಕೆಲವು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಸಿದರೆ, ಸಕ್ಕರೆ ಇದ್ದಷ್ಟು ಬಣ್ಣ ಬದಲಾಗುತ್ತಿತ್ತು. ಮೊದಲ ಸಲ ಇಟ್ಟಿಗೆ ಬಣ್ಣ ಬಂದದ್ದು ಈಗೀಗ ಹಳದಿ, ಆಮೇಲೆ ಹಸಿರು. ಇದು ಪೆಕ್ಟಿನ್ನಿನ ಕೆಲಸವೋ, ಡಾಕ್ಟರ ಗುಳಿಗೆಯದೋ, ಅಪ್ಪ ಬೆಲ್ಲದ ಚಾ ಬಿಟ್ಟದ್ದರಿಂದಲೋ ಎಂದು ನಾನು ಕೇಳಿದೆ. ಚಿಕ್ಕಪ್ಪ ನನ್ನನ್ನು ವಿಜ್ಞಾನದ ಶತ್ರು ಎಂದ. ಏನೇ ಇರಲಿ, ಅಪ್ಪನ ಮುಖ ತುಂಬಿಕೊಂಡಿತು. ಹುಣ್ಣಿಮೆ ಹತ್ತಿರವಾದಾಗ ಆ ವರ್ಷವೂ ಧಣಿ ಅವನನ್ನೇ ಕರೆದ. ಮುಂದೆ ಎಷ್ಟೋ ವರ್ಷ ಅಪ್ಪ ಅದೇ ಬೋಟು ನಡೆಸಿದ. ಆದರೆ ಅದಕ್ಕೂ ಮೊದಲು, ಆ ಆಷಾಢದಲ್ಲಿ ಅಪ್ಪ ಮೈ ತುಂಬಿಕೊಳ್ಳುತ್ತ ಬಂದ ಹಾಗೆ ಆಯಿ ಇಳಿಯುತ್ತ ಹೋದಳು. ಗಂಜಿಯನ್ನು ಕಲಸುತ್ತ ಕೂತಿರುತ್ತಿದ್ದಳು, ಉಣ್ಣುತ್ತಿರಲಿಲ್ಲ.

ದನ ಕರು ಹಾಕಿತು ಎಂದು ನಮಗೆ ತಿಳಿದದ್ದು ಮೂರನೆಯವರಿಂದ. ಬಾವಿಕಟ್ಟೆಯಲ್ಲಿ ಯಾರೋ, "ಗಿಣ್ಣು ಎಷ್ಟು ದಪ್ಪ ಇತ್ತು ಅಲ್ದಾ ಈ ಸಲ?" ಎಂದು ಆಯಿಯನ್ನು ಕೇಳಿದರು. ಕರು ಹಾಕಿದ ಮೇಲಿನ ಮೊದಲ ಹಾಲಿಗೆ ಗಿಣ್ಣು ಎನ್ನುತ್ತಾರೆ. ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಟ್ಟಿಯಾಗಿ, ಚೂರಿಯಿಂದ ಕೊಯ್ಯುವ ಹಾಗೆ ಆಗುತ್ತದೆ. ಅಕ್ಕಚ್ಚು ಕೊಟ್ಟ ಮನೆಗಳಿಗೆಲ್ಲ ಅದರಲ್ಲಿ ಪಾಲು. ಕೇಳುವ ಹಾಗಿಲ್ಲ, ಕೊಡದೆ ಇರುವ ಹಾಗೂ ಇಲ್ಲ. ನನಗೆ ನೆನಪಿದ್ದಂತೆ ಆ ದನದ ಪ್ರತಿ ಗಿಣ್ಣಿನ ಮೊದಲ ಚೊಂಬು ನಮ್ಮ ಮನೆಗೇ ಬರುತ್ತಿತ್ತು. ಈ ಸಲ ಕೇರಿಯ ಎಲ್ಲರ ಮನೆಗೆ ಹೋಗಿತ್ತು, ನಮ್ಮ ಮನೆಗೆ ಬಂದಿರಲಿಲ್ಲ.

ಆಯಿ ಖಾಲಿ ಕೊಡ ಹಿಡಿದು ಮನೆಗೆ ಬಂದಳು. ಅಪ್ಪ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಅವನೆದುರು ನಿಂತು, "ನಾ ಹೇಳ್ತೆ" ಎಂದಳು.

"ಎಂತ ಹೇಳ್ತಿ?"

"ಎಲ್ಲ ಹೇಳ್ತೆ. ನಿಮ್ಮ ಬೋಟು ಹೋದ್ರೆ ಹೋಗ್ಲಿ. ಮೀನು ಬುಟ್ಟಿ ಹೊತ್ತು ನಾ ಸಾಕ್ತೆ ನಿಮ್ಮನ್ನ. ಅವಳಿಲ್ದೆ ನಂಗೆ ಆಗೂದಿಲ್ಲ."

ಅಪ್ಪ ಬಲೆ ಬದಿಗಿಟ್ಟು ಎದ್ದ. ಅಷ್ಟು ಹೊತ್ತಿಗೆ ಆಯಿ ಮರದ ಬುಡದಲ್ಲಿದ್ದಳು. ಇದ್ದುದರಲ್ಲಿ ದೊಡ್ಡ ಹಣ್ಣು ಕೊಯ್ದು ನಾವಿಬ್ಬರೂ ಹೊತ್ತುಕೊಂಡು, ದನ ಮುರಿದ ಬೇಲಿಯ ಸಂದಿಯಿಂದಲೇ ಆಚೆಮನೆಗೆ ಹೋದೆವು. ದೊಡ್ಡಮ್ಮ ಕೊಟ್ಟಿಗೆಯಲ್ಲಿದ್ದಳು. ನಮ್ಮನ್ನು ಕಂಡರೂ ಕಾಣದವಳ ಹಾಗೆ ಸಗಣಿ ಬಾಚುತ್ತಲೇ ಇದ್ದಳು. ಆಯಿ ಹಣ್ಣನ್ನು ಅಲ್ಲೇ ನೆಲದ ಮೇಲಿಟ್ಟು ಸೀಳಿದಳು. ಸೊಳೆಯನ್ನೂ ಬಿಡಿಸದೆ, ಮೇಣವನ್ನೂ ಒರೆಸದೆ, ಇಡೀ ಹೋಳುಗಳನ್ನೇ ದನದ ಮುಂದೆ ಸರಿಸಿದಳು. ಆಮೇಲೆ, "ಅಕ್ಕ, ನಮ್ಮನೆಯವ್ರಿಗೆ..." ಎಂದು ಶುರು ಮಾಡಿದಳು.

"ಸಕ್ಕರೆ ಕಾಯಿಲೆ" ಎಂದು ದೊಡ್ಡಮ್ಮ ಮುಗಿಸಿದಳು.

ಆಯಿ ಅವಳನ್ನೇ ನೋಡಿದಳು.

"ಮಳೆ ಬಿಟ್ಟ ದಿನ ನಿನ್ನ ಗಂಡ ಬೇಲಿ ಬುಡದಲ್ಲಿ ಉಚ್ಚೆ ಹೊಯ್ದಲ್ಲಿ ಇರುವೆ ಸಾಲು ಹಿಡೀತಿತ್ತು. ನಂಗೆ ಕಣ್ಣಿಲ್ವಾ? ನನ್ನ ಮನೆಯವ್ರು ಅದರಲ್ಲೇ ಹೋದ್ದು ತಂಗಿ." ಸಗಣಿ ಬಾಚುವ ಹಲಗೆಯನ್ನು ಕೆಳಗಿಟ್ಟಳು. "ನಾ ಯಾರ ಹತ್ರ ಬಾಯಿ ಬಿಟ್ಟೆ? ಧಣಿಯ ಮನೆಗೆ ತೆಂಗಿನಕಾಯಿ ಕೊಡೂಕೆ ಹೋಗ್ತೆ. ಒಂದು ದಿನ ನಾ ಹೇಳಿದ್ನಾ? ನೀ ಹೇಳ್ತಿ, ಇವತ್ತು ಹೇಳ್ತಿ, ನಾಳೆ ಹೇಳ್ತಿ ಅಂತ ಕಾದೆ. ಸಿಪ್ಪೆ ಹಾಳಾಗ್ಲಿ. ನಿಂಗೆ ನನ್ನ ಹತ್ರ ಒಂದು ಮಾತು ಹೇಳೂಕೆ ಬರ್ಲಿಲ್ಲ ಅಲ್ದಾ?"

ಆಯಿ ಸಿಪ್ಪೆ ಬೇಯಿಸಿ ರಸ ತೆಗೆದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನನಗೆ ಅಪ್ಪನ ಮೇಲೆ, ಚಿಕ್ಕಪ್ಪನ ಮೇಲೆ, ಆ ತೊಲೆಗೆ ತೂಗುತ್ತಿದ್ದ ಪಂಚೆಯ ಮೇಲೆ ಎಲ್ಲ ಸಿಟ್ಟು ಒಟ್ಟಿಗೇ ಬಂತು. ದೊಡ್ಡಮ್ಮ ಮತ್ತೆ ಮಾತಾಡಿದಳು, ಈ ಸಲ ಅವಳ ದನಿ ಒರಟಾಗಿತ್ತು, ಅಂದರೆ ಎಂದಿನಂತಿತ್ತು. ಎಂತ ಬೇಯ್ಸುವುದಿದ್ರೂ ನಾಳೆಯಿಂದ ನನ್ನ ಹುರುಳಿ ಬೇಯಿಸುವ ಒಲೆ ಮೇಲೆ ಬೇಯ್ಸು, ರಸ ನಿನ್ನ ಗಂಡನಿಗೆ, ಸಿಪ್ಪೆ ನನ್ನ ದನಕ್ಕೆ, ಮಣ್ಣಿಗೆ ಎಂತದೂ ಬೇಡ ಎಂದಳು. ಆಯಿ ತಲೆಯಾಡಿಸಿದಳು. ಆದರೂ ಅಲ್ಲಿಂದ ಏಳಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕರು ನಿಂತಿತ್ತು, ತಾಯಿಯಂತೆಯೇ ಕಂದು. ಆಯಿ ಅದನ್ನೇ ನೋಡುತ್ತಿದ್ದಳು. ಅವಳು ಏನು ಕೇಳಲಾರದೆ ಕೂತಿದ್ದಾಳೆಂದು ದೊಡ್ಡಮ್ಮನಿಗೆ ತಿಳಿಯಿತು.

"ನಿಮ್ಮನೆ ಗಿಣ್ಣಿನ ಪಾಲು ನಾ ಯಾರಿಗೂ ಕೊಡ್ಲಿಲ್ಲ" ಎಂದಳು. "ಬಾಕಿಯವರದ್ದೆಲ್ಲ ಕರ್ದೆ. ನಿಮ್ಮದು ಕರ್ದು ಬೇರೆಯವ್ರ ಚೊಂಬಿಗೆ ಹಾಕೂಕೆ ಕೈ ಬರ್ಲಿಲ್ಲ. ಕೆಚ್ಚಲಲ್ಲೇ ಬಿಟ್ಟೆ. ಈ ಕರು ಕುಡೀತು."

ಆಯಿ ಕರುವಿನ ಕುತ್ತಿಗೆ ತಬ್ಬಿಕೊಂಡು, ಕೈಯ ಮೇಣವೆಲ್ಲ ಅದರ ಮೈಗೆ ಮೆತ್ತುತ್ತ, ಗೊಳೋ ಎಂದು ಅತ್ತುಬಿಟ್ಟಳು.